ಉತ್ತರ

ಮೂವತ್ತು ವರ್ಷದಿಂದ ಚಕ್ಕುಬಂದಿ ಬರೆಯುತ್ತಿದ್ದೇನೆ
ಭಟ್ಕಳದ ನೋಂದಣಿ ಕಚೇರಿಯೆದುರು, ಜೆರಾಕ್ಸ್ ಅಂಗಡಿಯ ಜಗಲಿಯಲ್ಲಿ.
ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಇಂಥವರ ಹಿತ್ತಲು,
ದಕ್ಷಿಣಕ್ಕೆ ಗಟಾರ.
ಕೈ ತಾನೇ ಬರೆಯುತ್ತದೆ, ನಾನು ಚಾ ಕುಡಿಯುತ್ತೇನೆ.

ಸಫೂರಾಬಿಯವರ ಉತ್ತರಕ್ಕೆ ಬಂದಾಗ ಪೆನ್ನು ನಿಂತಿತು.
ಅಲ್ಲಿ ಗೋಡೆ. ಗೋಡೆಯಲ್ಲೊಂದು ಬಾಗಿಲು.
ಬಾಗಿಲಾಚೆ ತಂಗಿ ಮೈಮೂನಾ.

ಹಳೇ ಓಣಿಯ ಮನೆಗಳಲ್ಲಿ ಹಾಗೆಯೇ,
ಬೀದಿಗಿಳಿಯದೆ ದಾಟುತ್ತಾರೆ ಹೆಂಗಸರು
ಒಂದು ಅಡುಗೆಮನೆಯಿಂದ ಇನ್ನೊಂದಕ್ಕೆ.
ಸೂಲಗಿತ್ತಿ ದಾಟಿದ್ದಾಳೆ, ಅರ್ಧ ರುಬ್ಬಿದ ಕಾಯಿ ದಾಟಿದೆ,
ದುಬೈನಿಂದ ಬಂದ ಕಾಗದ, ಅದನ್ನು ಓದಿ ಹೇಳುವ ಹುಡುಗಿ,
ಯಾರದೋ ಸಾವು, ಮಸೀದಿಯ ಮೈಕಿಗಿಂತ ಮೊದಲು.
ಆ ಬಾಗಿಲಿಗೆ ಚಿಲಕ ಇಟ್ಟೇ ಇಲ್ಲ.

ಅಮ್ಮ ಮಾಡಿಹೋದ ಪಾಲಿನಲ್ಲಿ ಜಗಳವಿರಲಿಲ್ಲ.
ಪುರಾತತ್ವದವರು ಬಂದು
ಬಸದಿಯ ಕಾಂಪೌಂಡಿನಿಂದ ಟೇಪು ಎಳೆದರು.
ನೂರು ಮೀಟರಿನೊಳಗೆ ಒಂದು ಕಲ್ಲೂ ಏರಿಸುವಂತಿಲ್ಲ,
ಆಚೆಯಾದರೆ ಅರ್ಜಿ ಹಾಕಿ, ಕಾದು, ಕಟ್ಟಬಹುದು.
ತುದಿ ಹಿಡಿದ ಹುಡುಗ ಚಪ್ಪಲಿ ಕಳಚಿ
ಮೈಮೂನಾರ ಒಲೆಯ ಪಕ್ಕದಿಂದ ಹಾದು
ಆ ಬಾಗಿಲ ಹೊಸ್ತಿಲ ಮೇಲೆ ನಿಂತು ಕೂಗಿದನಂತೆ:
ನೂರು!

"ಬರೀರಿ ನಾಯ್ಕರೇ," ಅಂದರು ಸಫೂರಾಬಿ,
"ನಾಲ್ಕು ಮಾಳಿಗೆ, ಲಿಫ್ಟು. ಮೊಣಕಾಲು ನನ್ನದು.
ಹಳೇಮನೆ ಚಂದ ಅನ್ನುವವರು ಫೋಟೋ ತೆಗೆದು ಹೋಗ್ತಾರೆ,
ಮಾಡಿನ ಗೆದ್ದಲು ಉದುರುವುದು ನನ್ನ ಗಂಜಿಗೆ.
ಎರಡನೇ ಮಾಳಿಗೆ ನಿನಗೂ ಒಂದು ಕೊಡ್ತೇನೆ ಅಂದೆ ಅವಳಿಗೆ.
ಉತ್ತರ ಬಂದಿಲ್ಲ."

ಬಿಲ್ಡರನ ಪಾಲುದಾರ ಮೈಮೂನಾರ ಮಗನೇ, ಜಿಯಾವುಲ್ಲ.
ಈಗ ತಾಯಿಯ ಮನೆಗೆ ಬೀದಿಯಿಂದ ಬಂದು
ಬೆಲ್ ಒತ್ತಿ ಕಾಯುತ್ತಾನೆ.

ತಕರಾರಿಲ್ಲವೆಂಬ ಪತ್ರ ಹಿಡಿದು ನಾನೇ ಹೋದೆ.
ಪರಂಪರೆ ಗಿರಂಪರೆ ಅಂತ ಏನೂ ಹೇಳಲಿಲ್ಲ ಆಕೆ.
ಪರದೆಯ ಹಿಂದೆ ತಪ್ಪಲೆ ಇಳಿಸಿದ ಸದ್ದು, ಆಮೇಲೆ ಮಾತು:
"ನನ್ನದೂ ನೂರರ ಆಚೆ ಬಿದ್ದಿದ್ದರೆ
ಅಕ್ಕನಿಗಿಂತ ಮೊದಲು ನಾನೇ ಸಹಿ ಹಾಕ್ತಿದ್ದೆ.
ಅದು ಅವಳಿಗೂ ಗೊತ್ತು.
ಗೊತ್ತಿರುವುದಕ್ಕೇ ಮಾತು ಬಿಟ್ಟಿದ್ದೇವೆ."

ಮರಳಿ ಬಂದು ಕರಡು ಮುಗಿಸಿದೆ.
ಉತ್ತರಕ್ಕೆ: ಮೈಮೂನಾ ಕೋಂ ಅಬ್ದುಲ್ ಗನಿ ಇವರ ಮನೆಯ ಗೋಡೆ.
ಬಾಗಿಲನ್ನು ಬರೆಯುವ ರೂಢಿ ದಸ್ತಾವೇಜಿನಲ್ಲಿಲ್ಲ.

ಓದಿ ಹೇಳಿದೆ. ತಲೆಯಾಡಿಸಿ, ಟೈಪಿಗೆ ಕೊಡಿ ಅಂದು
ಜಗಲಿಯ ಮೂರು ಮೆಟ್ಟಿಲು ಇಳಿದರು ಸಫೂರಾಬಿ.
ನಿಂತರು.
ಅದೇ ಮೊಣಕಾಲಲ್ಲಿ ಮತ್ತೆ ಮೂರು ಹತ್ತಿ ಬಂದರು.
"ಕೆಡವಿ ಕಟ್ಟುವ ತನಕ, ಹದಿನೆಂಟು ತಿಂಗಳು,
ನಾನು ಎಲ್ಲಿರುವುದು ಅಂತ ಬರೆದಿದ್ದೀರಾ ನಾಯ್ಕರೇ?"

ಬರೆದಿರಲಿಲ್ಲ.
ಉತ್ತರದ ಸಾಲಿನ ಮಸಿ ಇನ್ನೂ ಹಸಿಯಾಗಿತ್ತು.