ಒತ್ತಿ ಇಟ್ಟ ವಾಚು

ತಾಸಗಾಂವದ ಲಾರಿ ಡ್ರೈವರ ಬಾಳು ಕದಮ
ಐದುನೂರು ರೂಪಾಯಿ ತಗೊಂಡು
ಈ ವಾಚು ನನ್ನ ಟೇಬಲ್ ಮ್ಯಾಲ ಇಟ್ಟು ಹೋದ.
‘ಮುಂದಿನ ಖೇಪಿಗೆ ಬಿಡಿಸ್ಕೋತೀನ್ರಿ ಬಾಯಾರ’ ಅಂದ.
ಮುಂದಿನ ಖೇಪು ಬಂತು. ಲಾರಿ ಅದೇ,
ಸ್ಟೇರಿಂಗಿನ ಹಿಂದ ಬ್ಯಾರೆ ಮಾರಿ.

ತಿಕೋಟಾದ ಹಾದ್ಯಾಗ ಕೋಲ್ಡ್ ಸ್ಟೋರೇಜು,
ನಂದು ಅಲ್ಲಿ ಲೆಕ್ಕದ ಕೆಲಸ.
ಒಳಗ ನಾಕು ಡಿಗ್ರಿ, ಹೊರಗ ನಲವತ್ತೆರಡು,
ನಡುವ ಒಂದು ಬಾಗಿಲು, ಒಂದು ಸ್ವೆಟರು.
ಮಣೂಕದ ಪೆಟ್ಟಿಗಿ ಎಣಿಸೋ ಕೈ
ಬೆರಳಿನ ಬುಡದ ತನಕ ತೋಳಿನೊಳಗ ಇರ್ತದ;
ಆ ತೋಳಿನ ಕೆಳಗ ವಾಚಿಗೆ
ಹಗಲ ಯಾವುದು, ರಾತ್ರಿ ಯಾವುದು?

ಮೂಲ್ಯಾಗಿನ ಸಣ್ಣ ಅಕ್ಷರ
ಎಚ್ ಇದ್ದದ್ದು ಎಮ್ ಆತು, ಎಮ್ ಇದ್ದದ್ದು ಎಲ್.
ನೋಡಿದ್ದೆ. ಅಂಗಿಯ ಅಳತಿ ಹಂಗ ಏನೋ ಅನ್ಕೊಂಡೆ.
ಒಂದು ನಸುಕಿನ್ಯಾಗ ಗಾಜು ಖಾಲಿ,
ಮೂರು ನಲವತ್ತಕ್ಕ ಅದು ಕೂಗಲಿಲ್ಲ.

ಹೇಳೋದು ಮರತೆ. ದಿನಾ ಆ ಹೊತ್ತಿಗೆ ಕೂಗತಿತ್ತು,
ಬಾಳು ಹಚ್ಚಿಟ್ಟ ಅಲಾರಾಂ.
ಆರಿಸೋದು ಹ್ಯಾಂಗಂತ ನನಗ ತಿಳಿದಿಲ್ಲ,
ಕೇಳೋಣಂದ್ರ ಅವ ಇಲ್ಲ.
ಯಾವ ಊರಿನಿಂದ ಅವನ ಲಾರಿ ಹೊರಡಬೇಕಿತ್ತೋ,
ಎದ್ದು ಕೂಡತಿದ್ದವಳು ನಾನು.
ಮಗಳು ಗೊಣಗತಿದ್ದಳು:
‘ಯಾರದೋ ನಿದ್ದಿಗೇಡು ನಮಗ್ಯಾಕವ್ವಾ ಬಡ್ಡಿ?’

ಬಿಸಲಿಗೇನು ಬರ ನಮ್ಮ ವಿಜಯಪುರದಾಗ?
ಪತ್ರಾಸಿನ ಮ್ಯಾಲ, ಹಪ್ಪಳದ ಸಾಲಿನ್ಯಾಗ
ನಡುಮಧ್ಯಾಹ್ನ ಅದನ್ನೂ ಹಾಕಿ ಬಂದೆ.
ಸಂಜಿಗೆ ತಗದರ ಹಂಚಿನ ರೊಟ್ಟಿ ಹಂಗ ಸುಡತಿತ್ತು,
ಗಾಜು ಕರ್ರಗ, ಮಸಿ ಚೆಲ್ಲಿದ ಹಂಗ.

ಜೋರಾಪುರ ಪೇಟ್ಯಾಗ ಇಮಾಮಸಾಬ ಘಡಿಯಾಳಿ,
ಒಂದು ಕಣ್ಣಿಗೆ ಮಸೂರ, ದವಡ್ಯಾಗ ಲವಂಗ.
ಬೆನ್ನಿನ ನಾಕು ತಿರುಪು ಬಿಚ್ಚಿ, ಊದಿ, ಮೂಸಿ ನೋಡಿ
‘ತಂಗಿ, ಇದು ತಿನ್ನೋದು ಬೆಳಕು’ ಅಂದರು.
‘ನೀವು ಊಟಕ್ಕ ಕರದು ಒಲಿಯಾಗ ಕುಂಡ್ರಿಸೀರಿ.’
ಸಾದಾ ಸೆಲ್ಲು ಹಾಕಿಸಬ್ಯಾಡ್ರಿ ಅಂದರು,
ಅದು ತುಂಬಿಕೊಳ್ಳೋ ಜಾತಿದಲ್ಲ, ಉಬ್ಬಿ ಒಡೀತದ.
ಮುಂಜಾನಿ ಕಿಡಕಿ, ಎಂಟರಿಂದ ಹತ್ತು,
ಮಾರಿ ಮ್ಯಾಲ ಮಾಡಿ ಇಡ್ರಿ, ಅವಸರ ಬ್ಯಾಡ.
ರಬ್ಬರ ಉಂಗುರಕ್ಕ ಒಂಚೂರು ಗ್ರೀಸು ಸವರಿ ಮುಚ್ಚಿ
ಮೂವತ್ತು ರೂಪಾಯಿ ತಗೊಂಡರು.

ಬಸ್ಸಿನ್ಯಾಗ ನಗು ಬಂತು ನನಗ.
ನಮ್ಮ ದ್ರಾಕ್ಷಿ ಸೈತ ನೇರ ಬಿಸಲಿಗೆ ಒಣಗೂದಿಲ್ಲಲ್ಲ,
ಹಸರು ಪರದೆಯ ಶೆಡ್ಡಿನ್ಯಾಗ, ಜಾಳಿಗಿ ಮ್ಯಾಲ ಮಲಗಿ
ಸೋಸಿದ ಬೆಳಕು, ಬರೇ ಗಾಳಿ, ಹದಿನೈದು ದಿನ.
ಬಿಸಲು ಬಡದದ್ದು ಎರಡನೇ ನಂಬರಿನ ಪೆಟ್ಟಿಗಿಗೆ ಹೋಗ್ತದ;
ಅದನ್ನ ಬರಕೊಳ್ಳೋವಳೇ ನಾನು.

ಮೊದಲ ದಿನ ಏನಿಲ್ಲ.
ಎರಡನೇ ದಿನ ಗುಬ್ಬಿಯೊಂದು ಕುಕ್ಕಿ ನೋಡಿ ಹೋತು.
ನಾಕನೇ ಮುಂಜಾನಿ ಬೂದಿ ಬಣ್ಣದ ಅಂಕಿ ಎದ್ದವು:
ಹನ್ನೆರಡು ಗಂಟೆ, ಜನವರಿ ಒಂದು,
ಯಾವುದೋ ಕಾಲದ ವರ್ಷ.
ಲಾರಿ ಇಲ್ಲ, ಸಾಲ ಇಲ್ಲ, ಬಾಳು ಕದಮ ಇಲ್ಲ.
ಎಲ್ಲಾ ಮರತ ಮಾರಿಯಿಂದ ನನ್ನ ನೋಡಿತು.

ಈಗ ಸ್ವೆಟರಿನ ತೋಳಿನ ಮ್ಯಾಲೇ ಕಟ್ಟತೀನಿ,
ಹಮಾಲರು ನಗತಾರ, ನಗಲಿ.
ಭಾನುವಾರ ಹಳೆ ಧೋತ್ರದ ಚೂರು ಹಸಿ ಮಾಡಿ
ಪಟ್ಟಿಯ ಸಂದಿನ್ಯಾಗಿನ ಬೆವರಿನ ಉಪ್ಪು ಒರಸತೀನಿ.
‘ನಿಂದಲ್ಲದ್ದಕ್ಕ ಇಷ್ಟ್ಯಾಕ ಜತನ?’ ಅಂತಾಳ ಮಗಳು.
ನಂದಾಗಿದ್ರ
ಯಾವಾಗೋ ಬಚ್ಚಲದ ಗೂಡಿನ್ಯಾಗ ಬಿಟ್ಟಿರತಿದ್ದೆ.

ಅಕಿ ಕಡಿಂದಲೇ ಗುಂಡಿ ಒತ್ತಿಸಿ ಹೊತ್ತು ಸರಿ ಮಾಡಿಸಿದೆ.
‘ಅಲಾರಾಂ ಎಷ್ಟಕ್ಕ?’
ಆರಕ್ಕ ಅನ್ನಬೇಕಿತ್ತು.
‘ಮೂರು ನಲವತ್ತು.’
ನನ್ನ ಮಾರಿ ನೋಡಿದಳು. ಒತ್ತಿದಳು.

ಮರುದಿನ ಅದು ಕೂಗೋ ಮೊದಲೇ ಎಚ್ಚರಿದ್ದೆ.
ಸೊಲ್ಲಾಪುರ ರೋಡಿನ ಕಡೆ
ಯಾವುದೋ ಲಾರಿ ಗೇರು ಬದಲಿಸಿತು.
ಮೂಲ್ಯಾಗಿನ ಅಕ್ಷರ ಇನ್ನೂ ಎಮ್.