ಏನೂ ಆಗದಿರಲೆಂದು

ಬೆಟ್ಟ ಅಗೆದು ಇಲಿ ಹಿಡಿದವರ ಗಾದೆ ಗೊತ್ತು.
ಅಗೆದ ಬೆಟ್ಟವನ್ನು ಆಮೇಲೆ ಎಲ್ಲಿಟ್ಟರು?
ಗಾದೆ ಆ ಮಾತೆತ್ತುವುದಿಲ್ಲ.

ಕುಜ್‌ಬಾಸ್‌ನ ಈ ಗಣಿಯಲ್ಲಿ
ಒಂದು ಟನ್ ಕಲ್ಲಿದ್ದಲಿಗೆ ಒಂಬತ್ತು ಟನ್ ಬಂಡೆ.
ಅದಕ್ಕೊಂದು ನೆಲೆ ಹುಡುಕುವುದು
ರಿಮ್ಮಾ ಚಿಸ್ಪಿಯಾಕೊವಾಳ ಕೆಲಸ.
ಹೊರಗೆ ಸೊನ್ನೆಗಿಂತ ಮೂವತ್ತೆಂಟು ಕೆಳಗೆ;
ಮೇಜಿನ ಮೇಲೆ ಕಣಿವೆಯ ನಕ್ಷೆ,
ಸುರುಳಿಕೊಳ್ಳದಂತೆ ಮೂಲೆಗೊಂದು ಭಾರ:
ಚಹಾದ ಲೋಟ, ಬೀಗದ ಗೊಂಚಲು,
ಮರಳುಗಲ್ಲಿನ ಚೂರು,
ಜೊತೆ ಕಳೆದುಕೊಂಡ ಮಗನ ಕೈಗವಸು.

ಮಗ ಕೇಳಿದ್ದ: ಅಮ್ಮ, ನೀನು ಕಟ್ಟುವುದೇನನ್ನು?
ಸೇತುವೆಯಲ್ಲ, ಮನೆಯಲ್ಲ.
ತಟ್ಟೆಗೆ ಗ್ರೆಚ್ಕಾ ಕಾಳು ಸುರಿದು ತೋರಿಸಿದಳು.
ಸುರಿದಷ್ಟೂ ರಾಶಿ ಬೆಳೆಯಿತು, ಓರೆ ಮಾತ್ರ ಬದಲಾಗಲಿಲ್ಲ.
ಇದಕ್ಕಿಂತ ಕಡಿದಾಗಿ ನಿಲ್ಲೆಂದರೆ ಕಾಳು ಕೇಳುವುದಿಲ್ಲ, ನೋಡು.
ಬಂಡೆಯೂ ಅಷ್ಟೇ. ಮೂವತ್ತೇಳು ಡಿಗ್ರಿಗೆ ನಿಲ್ಲುತ್ತದೆ,
ನಿಂತೇ ಇರುತ್ತೇನೆಂದು ನಂಬಿಸುತ್ತದೆ ಕೂಡ.
ಮಗ ಬೆರಳಿಂದ ತಟ್ಟೆಯ ಅಂಚೆತ್ತಿದ.
ನೆಲದ ಕಾಳು ಗುಡಿಸುತ್ತ ಅವಳೆಂದುಕೊಂಡಳು:
ತಪ್ಪು ಕಾಳಿನದಲ್ಲ, ತಟ್ಟೆಯದು.

ಅದಕ್ಕೇ ಅಕ್ಟೋಬರಿನಲ್ಲಿ, ನೆಲ ಹೆಪ್ಪುಗಟ್ಟುವ ಮುನ್ನ,
ಕಣಿವೆಯಲ್ಲಿ ಹನ್ನೊಂದು ಗುಂಡಿ ತೋಡಿಸಿದ್ದಳು.
ಹತ್ತರಲ್ಲಿ ಜಲ್ಲಿ, ಹಾರೆಗೆ ಎದುರು ನುಡಿಯುವಂಥದು.
ಹನ್ನೊಂದರಲ್ಲಿ ನೆನೆದ ಸಾಬೂನಿನಂಥ ಜೇಡಿ,
ಅದರಡಿ ಪಿಸುಗುಡುವ ನೀರು.
ನಕ್ಷೆಯಲ್ಲಿ ಅಲ್ಲಿ ಏನೂ ಇರಲಿಲ್ಲ.
ಈಗಿದೆ: ನೀಲಿ ಪೆನ್ಸಿಲಿನ ಒಂದು ಕೊಕ್ಕೆ.
ಅದರ ನೇರ ಕೆಳಗೆ, ಕಣಿವೆಯ ಬಾಯಲ್ಲಿ,
ಹದಿನಾಲ್ಕು ಮನೆಗಳ ಹೊಗೆ.

ಅವೆರ್ಯಾನ್ ಕುಜ್ಮಿಚ್ ಬಂದು ಬೂಟಿನ ಹಿಮ ಕೊಡವಿದ.
“ಅರವತ್ತು ಮೀಟರಿಂದ ಒಂದೇ ಸಲ ಸುರಿದರೇನು?
ನಿನ್ನ ಮೆಟ್ಟಿಲುಗಳಿಗೆ ಲಾರಿ ಎರಡು ಕಿಲೋಮೀಟರು ಸುತ್ತಬೇಕು.
ಡೀಸೆಲು ನಿಮ್ಮಪ್ಪ ಕೊಡುತ್ತಾನೋ?”

ಅವಳಪ್ಪ ಬುಲ್ಡೋಜರಿನವನು.
ಬಂಡೆ, ಹಿಮ, ಮತ್ತೆ ಬಂಡೆ, ಮತ್ತೆ ಹಿಮ:
ಹಾಗೆ ಬೆಳೆದ ಗುಡ್ಡದ ಅಂಚು
ಒಂದು ಮಾರ್ಚಿ ರಾತ್ರಿ ಅವನ ಕಾಲಡಿಯಿಂದ ಹೊರಟುಹೋಯಿತು.
ಬದುಕಿದ. ಆಮೇಲೆ ಮನೆಯ ಮೂರು ಮೆಟ್ಟಿಲಿಳಿಯಲೂ
ಗೋಡೆ ಹಿಡಿಯುತ್ತಿದ್ದ.
ಅದನ್ನವಳು ಹೇಳಲಿಲ್ಲ. ಲೆಕ್ಕದ ಹಾಳೆ ಮುಂದಿಟ್ಟಳು.

ಇಪ್ಪತ್ತು ಮೀಟರಿನ ಮೂರು ಮೆಟ್ಟಿಲು, ಬುಡದಿಂದ ಮೇಲಕ್ಕೆ.
ಜೇಡಿ ಪೂರ್ತಿ ಬಳಿದು, ಆಳೆತ್ತರ ಗಟ್ಟಿಬಂಡೆ ಹಾಸಿ
ಒರತೆಗೆ ಹೊರದಾರಿ.
ಹಿಮ ಗುಡಿಸದೆ ಒಂದು ಲಾರಿಯೂ ಸುರಿಯಕೂಡದು.

ಮೊದಲಿನೆರಡಕ್ಕೆ ತಲೆಯಾಡಿಸಿದ.
ಮೂರನೆಯದಕ್ಕೆ ನಕ್ಕ: “ಸೈಬೀರಿಯದಲ್ಲಿ ಹಿಮ ಗುಡಿಸುವುದೇ!”
ಅವಳು ನಗಲಿಲ್ಲ.
ಸಹಿ ಹಾಕಿದ, ಆ ಸಾಲಿನ ಪಕ್ಕ ಬರೆದ:
“ಸಾಧ್ಯವಾದಾಗ.”

ಆ ಒಂದು ಪದದ ಮೇಲೆ ನಿಂತಿದೆ ಗುಡ್ಡ.

ಎಲ್ಲ ಸರಿಹೋದರೆ ಇಲ್ಲಿ ಏನೂ ಆಗುವುದಿಲ್ಲ.
ಬರ್ಚು ಮೊಳೆಯುತ್ತದೆ, ಯಾರೋ ಬುಟ್ಟಿ ಹಿಡಿದು ಹಣ್ಣಿಗೆ ಬರುತ್ತಾರೆ,
ಬೆಟ್ಟವೆಂದುಕೊಂಡು ಹತ್ತಿ ಬೆಟ್ಟವೆಂದುಕೊಂಡು ಇಳಿಯುತ್ತಾರೆ.
ಆಗದೇ ಹೋದದ್ದಕ್ಕೆ ಯಾರ ಹೆಸರೂ ಇಡುವುದಿಲ್ಲ.

ಈಗ ಏಪ್ರಿಲ್. ಅಂಚಿನಲ್ಲಿ ಬಿಗಿದ ತಂತಿ,
ರಾತ್ರಿಪಾಳಿಯ ಫೆದೋತ್‌ಗೆ ಅವಳ ಬಾಯಿಮಾತು:
ತಂತಿ ಎಳೆದರೆ ಲಾರಿ ನಿಲ್ಲಿಸು, ನನ್ನನ್ನು ಎಬ್ಬಿಸು,
ಸಹಿ ಆಮೇಲೆ.
ಅವನ ಗೀಚು ಕೈಬರಹದ ಪುಸ್ತಕವನ್ನು
ಬೆಳಗಿನ ಮಬ್ಬಿನಲ್ಲಿ ನಿಂತೇ ಓದುತ್ತಾಳೆ:
ಸೊನ್ನೆ. ಸೊನ್ನೆ. ಸೊನ್ನೆ.
ಎರಡು ಮಿಲಿಮೀಟರು.
ಸೊನ್ನೆ.