ಕೂರ್ಮಕ್ಕೆ ಬರೆಯಲು ಬಾರದ ಹೆಸರು

ಕಂಪನಿಯ ಇತಿಹಾಸ ಬೇಕು ಅಂದಿರಿ.
ಬರೆದುಕೊಳ್ಳಿ: ಕಾರವಾರ, ಕೋಡಿಬಾಗ,
ಅಕ್ಕಸಾಲಿ ಅಂಗಡಿಯ ಮಾಳಿಗೆ,
ಒಂಬತ್ತು ಮೆಟ್ಟಿಲು, ಏಳನೆಯದು ಸಡಿಲ.
ಕೆಳಗೆ ದೊಡ್ಡ ಶೇಟರ ಊದುಗೊಳವೆ,
ಮೇಲೆ ಮಗ ವಾಮನ ಕುರ್ಡೇಕರರ ಬೆಸುಗೆ ಕಡ್ಡಿ.
ಎರಡು ಹೊಗೆಗೂ ಒಂದೇ ಕಿಟಕಿ.

ನಾನು ಬೈತಖೋಲದವಳು, ಬಲೆ ಹೆಣೆಯುವವಳು.
ಓದು ಏಳನೇ ಇಯತ್ತೆ, ಅದೂ ಅರ್ಧ.
ವಾಮನ ಶೇಟರು ಬಂದರಿನಲ್ಲಿ ನಿಂತು
ಅರ್ಧ ತಾಸು ನನ್ನ ಬೆರಳನ್ನೇ ನೋಡಿದರು;
ಚಿಕ್ಕಮ್ಮ ಮೀನುಗತ್ತಿ ಎತ್ತಿಕೊಂಡಳು.
‘ತಂತಿಯಲ್ಲಿ ಹೆಣೀಲಿಕ್ಕೆ ಬರ್ತದಾ?’ ಅಂದರು.

ಕೂದಲೆಳೆಯ ತಂತಿ, ನೀಲಿ, ಕೆಂಪು,
ಒಂದು ಹಲಗೆಗೆ ಆರುನೂರ ನಲವತ್ತು ಸುತ್ತು.
ಬಲೆಯಲ್ಲಿ ಒಂದು ಗಂಟು ತಪ್ಪಿದರೆ
ಒಂದು ಮೀನು ಹೋದೀತು.
ಇಲ್ಲಿ ತಪ್ಪಿದರೆ ಇಡೀ ಪೆಟ್ಟಿಗೆ ಮೂಗ.

ಮುಂಬಯಿಯಿಂದ ಚಿಪ್ಪು ಬರ್ತದೆ ಅಂದಾಗ
ನಾನು ನಕ್ಕಿದ್ದೆ. ಅಳಿವೆಯ ಕೆಸರಲ್ಲಿ
ಬಳಚು ಹೆಕ್ಕುವವರಿಗೆ ಚಿಪ್ಪಿನ ಬರವೇ?
ಸೇತುವೆ ಇರಲಿಲ್ಲ ಆಗ ಕಾಳಿಗೆ.
ಪೊಟ್ಟಣ ತಾರಿಯಲ್ಲಿ ದಾಟಿ ಬಂತು;
ಬಿಚ್ಚಿದರೆ ಕಪ್ಪು ಜರಿಹುಳ, ನಲವತ್ತು ಕಾಲು.

ಕಿಟಕಿಗೆ ಕೂರ್ಮಗಡ ಕಾಣ್ತಿತ್ತಲ್ಲ,
ಅದಕ್ಕೇ ಯಂತ್ರದ ಹೆಸರು ಕೂರ್ಮ.
ನೆನಪು ನಾಲ್ಕು ಸಾವಿರ ಅಕ್ಷರ,
ಕರೆಂಟು ಹೋದರೆ ಅದೂ ಇಲ್ಲ.
ಕರೆಂಟು ದಿನಕ್ಕೆ ಐದು ಸಲ ಹೋಗ್ತಿತ್ತು.

ಕನ್ನಡ ಬರಲೇಬೇಕೆಂದು ಅವರ ಹಟ.
ಎಂಟು ಚುಕ್ಕಿ ಅಗಲ, ಎಂಟು ಚುಕ್ಕಿ ಎತ್ತರ,
ಚೌಕುಳಿ ಹಾಳೆಯಲ್ಲಿ ರಂಗೋಲಿ ಹಾಗೆ
ಅಷ್ಟೂ ಅಕ್ಷರ ಬಿಡಿಸಿದವಳು ನಾನು.
‘ಕಾರವಾರ’ ಕೂತಿತು. ‘ಮಾದೇವಿ’, ಅದು ನಾನೇ, ಕೂತೆ.
ಒತ್ತು ಬಂದಲ್ಲಿ ಮಾತ್ರ ಕಾಲು ಚೌಕದ ಹೊರಗೆ.
‘ಕೂರ್ಮ’ ಅಂತ ಬರೆಯಲು ಕೂರ್ಮಕ್ಕೇ ಬರಲಿಲ್ಲ.
ಕುರ್ಡೇಕರ ಬಿಲ್ಲಿನಲ್ಲಿ ಕುರಡೇಕರ ಆದರು.
ದೊಡ್ಡ ಶೇಟರು ಕನ್ನಡಕ ಎತ್ತಿ ಓದಿ,
‘ಕುರುಡನೇ ಸೈ’ ಅಂದರು.

ಮೊದಲನೆಯದು ಹೋದದ್ದು
ಐಸ್ ಫ್ಯಾಕ್ಟರಿಯ ಬೊನಿಫಾಸರಿಗೆ, ಕಂತಿನ ಮೇಲೆ.
ಉಬ್ಬರ ಇಳಿತದ ಲೆಕ್ಕ ಹಾಕಿ ತೋರಿಸುವ ದಿನ
ಮುದಿ ತಾಂಡೇಲನೊಬ್ಬ ಬಾಗಿಲಲ್ಲೇ ನಿಂತು
ಯಂತ್ರಕ್ಕಿಂತ ಮೊದಲು ಹೊತ್ತು ಹೇಳಿಬಿಟ್ಟ.
ಎಂಟು ನಿಮಿಷದ ವ್ಯತ್ಯಾಸ.
ವಾಮನ ಶೇಟರು ರಾತ್ರಿಯಿಡೀ ಕೂತು
ತಿದ್ದಿದರು. ಯಂತ್ರವನ್ನು.

ಹೌದು, ಒಟ್ಟು ಮೂವತ್ತೊಂದು.
ಮೂವತ್ತೊಂದಕ್ಕೂ ಕಡಲಗಾಳಿ ತಾಗಿತು,
ಹಿತ್ತಾಳೆಯ ಹಲ್ಲಿಗೆಲ್ಲ ಹಸಿರು ಪಾಚಿ.
ಆಗ ಕೆಳಗಿನಿಂದ ಅಪ್ಪ, ಏನೂ ಮಾತಾಡದೆ,
ಅಂಗಡಿ ನೆಲದ ಧೂಳು ತೊಳೆದು ತೆಗೆದ ಚಿನ್ನದಲ್ಲಿ
ಒಂದೊಂದೇ ಹಲ್ಲಿಗೆ ಮುಲಾಮು ಹಾಕಿಕೊಟ್ಟರು.
ಖಾತೆ ಪುಸ್ತಕದಲ್ಲಿ: ವಾಮನ, ಹನ್ನೆರಡು ಗುಂಜಿ.

ಮುಂದಿನದು ನಿಮಗೆ ಗೊತ್ತಿರಬೇಕು.
ಪರದೇಶದ ಹಲಗೆ ತುಂಬಿದ ಪೆಟ್ಟಿಗೆ ಬಂತು,
ಬೆಲೆ ಅರ್ಧ, ನೆನಪು ಹದಿನಾರು ಪಟ್ಟು.
ಬ್ಯಾಂಕಿನವರು ಮಾಳಿಗೆ ಹತ್ತುವಾಗ
ಏಳನೇ ಮೆಟ್ಟಿಲು ಯಾರೂ ಹೇಳಲಿಲ್ಲ ಅವರಿಗೆ.

ಗುಜರಿಯಲ್ಲಿ ತೂಕಕ್ಕಿಟ್ಟ ಕೂರ್ಮಗಳನ್ನು
ಹುಡುಕಿ ತಂದವರು ದೊಡ್ಡ ಶೇಟರು.
ಕರಗಿಸಿ ತೂಗಿದರು. ಹತ್ತೂಕಾಲು ಗುಂಜಿ.
‘ಉಳಿದದ್ದು?’
‘ಗಾಳಿಗೆ,’ ಅಂದರು ಮಗ.
ಅಪ್ಪ ಹಾಗೇ ಬರೆದುಕೊಂಡರು: ಗಾಳಿ, ಒಂದೂಮುಕ್ಕಾಲು.

ಕೊನೆಗಾಲಕ್ಕೆ ಟ್ರಾಲರುಗಳ
ಮೀನು ಹುಡುಕುವ ಪೆಟ್ಟಿಗೆ ರಿಪೇರಿ ಮಾಡ್ತಿದ್ದರು.
ಬೇಜಾರಿತ್ತಾ ಅಂತ ನಾನು ಕೇಳಲಿಲ್ಲ,
ನೀವು ಹತ್ತು ವರ್ಷ ತಡವಾಗಿ ಬಂದಿರಿ.

ಫೋಟೋ ಇಲ್ಲ. ಈ ಕ್ಯಾಸೆಟ್ ಒಂದಿದೆ.
ದುಡ್ಡಿಲ್ಲದಾಗ ಆಟದ ಹಳೇ ಕ್ಯಾಸೆಟ್ಟಿಗೇ
ಪ್ರೋಗ್ರಾಮು ತುಂಬುತ್ತಿದ್ದೆವು.
ಭಾಗವತರು ಪದ ಎತ್ತುತ್ತಾರೆ, ಚಂಡೆ ಏರುತ್ತದೆ,
ಮಧ್ಯದಲ್ಲೇ ಕರ್ರ್ ಅಂತ ಜೀರುಂಡೆ.
ನಿಮಗೆ ಗಲಾಟೆ ಅನಿಸಬಹುದು. ತಡೀರಿ,
ಸದ್ದು ಸಣ್ಣಗಾಗಿ ಮತ್ತೆ ಏರ್ತದೆ ನೋಡಿ,
ಇದು ಐಸಿನ ಲೆಕ್ಕ ಅಲ್ಲ, ಸಂಬಳದ್ದೂ ಅಲ್ಲ,
ಇದು ಉಬ್ಬರ.
ಆ ಎಂಟು ನಿಮಿಷ ತಿದ್ದಿದ ಮೇಲಿನದು.